ಹೆಸರಿಲ್ಲದ ಕಾಲಾಳು: ಆದವಾನಿಯ ಪಡೆಯೊಂದರ ಚರಿತ್ರೆಯನ್ನು ಓದುವ ಬಗೆ

ಕಾಲಾಳು ಪಡೆಯೊಂದರ ಚರಿತ್ರೆಯನ್ನು ಸಾಮಾನ್ಯವಾಗಿ ಆ ಪಡೆಯ ಒಳಗಿನವರೇ, ಒಳಗಿನವರಿಗಾಗಿಯೇ ಬರೆಯುತ್ತಾರೆ. ಪಡೆ ಹುಟ್ಟಿದ ವರ್ಷ, ಅದನ್ನು ಕಟ್ಟಿದ ಅಧಿಕಾರಿ, ಭಾಗವಹಿಸಿದ ಕದನಗಳು, ಗಳಿಸಿದ ಬಿರುದುಗಳು, ಬದಲಾದ ಸಂಖ್ಯೆಗಳು ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಅದರ ಕಥಾನಾಯಕ ಪಡೆಯ ಹೆಸರು. ಆಳುಗಳು ಸಾಯುತ್ತಾರೆ, ನಿವೃತ್ತರಾಗುತ್ತಾರೆ, ಕೆಲವರು ಓಡಿಹೋಗುತ್ತಾರೆ. ಹೆಸರು ಮಾತ್ರ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ದಾಟುತ್ತದೆ. ಇಂಥ ಗ್ರಂಥಗಳನ್ನು ಇತಿಹಾಸಕಾರರು ಆಕರಗಳಾಗಿ ಬಳಸಿಕೊಂಡಿದ್ದಾರೆ. ಅವುಗಳನ್ನು ಒಂದು ಕಥನಪ್ರಕಾರವೆಂದು ಓದಿ, ಆ ಪ್ರಕಾರದ ನಿಯಮಗಳು ಯಾರನ್ನು ಮಾತನಾಡಿಸುತ್ತವೆ, ಯಾರನ್ನು ಸುಮ್ಮನಾಗಿಸುತ್ತವೆ ಎಂದು ಕೇಳುವುದು ಸಾಹಿತ್ಯ ವಿಮರ್ಶೆಯ ಕೆಲಸ.

ಈ ಪ್ರಶ್ನೆಯನ್ನು ಆದವಾನಿಯ ನೆಲದಿಂದ ಕೇಳಿದಾಗ ಅದಕ್ಕೆ ಬೇರೆಯದೇ ತೂಕ ಬರುತ್ತದೆ. ಆದವಾನಿ, ಪೆದ್ದಕಡುಬೂರು, ಕೋಸಗಿ, ಕೌತಾಳಂ, ಮಂತ್ರಾಲಯಗಳನ್ನೊಳಗೊಂಡ ಈ ಪ್ರದೇಶ 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ದಿನ ಬಳ್ಳಾರಿಯ ಹೆಚ್ಚಿನ ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯದಲ್ಲಿ ಉಳಿದವು. ಆದವಾನಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದದ್ದು ಹೀಗೆ. ಅವರು ಎಲ್ಲಿಂದಲೂ ವಲಸೆ ಬಂದವರಲ್ಲ, ಅವರನ್ನು ಬಿಟ್ಟು ಗೆರೆ ಸರಿಯಿತು. ಹೀಗೆ ಕೈ ಬದಲಾಯಿಸುವುದು ಈ ನೆಲಕ್ಕೆ ಅದು ಮೊದಲ ಸಲವೂ ಆಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ನೆಲೆಸಿ ಅನಂತರ ಕೈಯಿಂದ ಕೈಗೆ ಹೋದ ಒಂದು ಕಾಲಾಳು ಪಡೆಯ ಕಥೆ ಈ ಹಿನ್ನೆಲೆಯಲ್ಲಿ ಓದಲು ಯೋಗ್ಯವಾದದ್ದು.

ಲಾಲಿಯ ಪಡೆ

ಮೊದಲನೆಯ ಅಸಫ್ ಜಾಹನ ಮಗ, ನಿಜಾಮ್ ಅಲಿಯ ಸಹೋದರ ಬಸಾಲತ್ ಜಂಗ್ ಆದವಾನಿಯನ್ನು ಜಾಗೀರಾಗಿ ಪಡೆದಿದ್ದ. ಪೂರ್ವ ಕರಾವಳಿಯ ಗುಂಟೂರು ಕೂಡ ಅವನದೇ. 1766ರಲ್ಲಿ ಉತ್ತರ ಸರ್ಕಾರುಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾದಾಗ, ಗುಂಟೂರನ್ನು ಅವನ ಜೀವಿತಕಾಲದವರೆಗೆ ಅವನಿಗೇ ಬಿಡುವ ಒಪ್ಪಂದವಾಯಿತು. ಹೀಗೆ ಒಂದು ಕಡೆ ಹೈದರಾಲಿ, ಇನ್ನೊಂದು ಕಡೆ ಕಂಪನಿ, ಮೇಲೆ ಅಣ್ಣತಮ್ಮಂದಿರ ಅನುಮಾನ: ಇವುಗಳ ನಡುವೆ ಬದುಕಬೇಕಾದ ಬಸಾಲತ್ ಜಂಗ್ ಫ್ರೆಂಚ್ ಅಧಿಕಾರಿಗಳ ಕೈಕೆಳಗೆ ತರಬೇತಾದ ಒಂದು ಪಡೆಯನ್ನು ಇಟ್ಟುಕೊಂಡ. ಅದರ ಮುಖ್ಯಸ್ಥನ ಹೆಸರು ಲಾಲಿ. ಪಾಂಡಿಚೇರಿಯನ್ನು ಕಳೆದುಕೊಂಡ ಅಪರಾಧಕ್ಕೆ 1766ರಲ್ಲಿ ಪ್ಯಾರಿಸಿನಲ್ಲಿ ಶಿರಚ್ಛೇದಕ್ಕೆ ಗುರಿಯಾದ ಕೌಂಟ್ ಲಾಲಿಯೇ ಬೇರೆ, ಇವನೇ ಬೇರೆ.

1775ರ ಸುಮಾರಿಗೆ ಬಳ್ಳಾರಿಯ ಪಾಳೆಯಗಾರ ಬಸಾಲತ್ ಜಂಗನಿಗೆ ಕಪ್ಪ ಕೊಡಲು ನಿರಾಕರಿಸಿದ. ಲಾಲಿಯ ಪಡೆ ಬಳ್ಳಾರಿಗೆ ಮುತ್ತಿಗೆ ಹಾಕಿತು. ಪಾಳೆಯಗಾರ ಹೈದರನ ನೆರವು ಕೇಳಿದ. ಹೈದರ್ ಯಾರೂ ನಿರೀಕ್ಷಿಸದ ವೇಗದಲ್ಲಿ ಬಂದು ಮುತ್ತಿಗೆಯವರ ಮೇಲೆ ಬಿದ್ದ. ಲಾಲಿ ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡ. ನೆರವಿಗೆ ಬಂದ ಹೈದರ್ ಬಳ್ಳಾರಿಯನ್ನು ತಾನೇ ಇಟ್ಟುಕೊಂಡ. ನಾಲ್ಕು ವರ್ಷಗಳ ನಂತರ, 1779ರಲ್ಲಿ, ಸರ್ ಥಾಮಸ್ ರಂಬೋಲ್ಡನ ಮದರಾಸು ಸರ್ಕಾರ ನಿಜಾಮನನ್ನು ಬದಿಗಿಟ್ಟು ಬಸಾಲತ್ ಜಂಗನೊಂದಿಗೆ ನೇರ ಒಪ್ಪಂದ ಮಾಡಿಕೊಂಡಿತು. ಗುಂಟೂರು ಕಂಪನಿಗೆ ಗುತ್ತಿಗೆ. ಫ್ರೆಂಚರಿಗೆ ಆದವಾನಿಯಿಂದ ವಿದಾಯ. ಅವರ ಬದಲಿಗೆ ಕಂಪನಿಯ ಪಡೆ. ಆದವಾನಿಗೆ ಹೊರಟ ಕರ್ನಲ್ ಹಾರ್ಪರನ ತುಕಡಿಯನ್ನು ಹೈದರ್ ತನ್ನ ಸೀಮೆಯಲ್ಲಿ ದಾಟಲು ಬಿಡಲಿಲ್ಲ. ಕೈಬಿಟ್ಟ ಫ್ರೆಂಚ್ ಪಡೆಯನ್ನು ನಿಜಾಮ್ ಅಲಿ ತನ್ನ ಆಶ್ರಯಕ್ಕೆ ತೆಗೆದುಕೊಂಡ. 1780ರಲ್ಲಿ ಹೈದರ್ ಕರ್ನಾಟಿಕ್ ಸೀಮೆಗೆ ಇಳಿದಾಗ ಲಾಲಿ ಅವನ ದಂಡಿನಲ್ಲಿದ್ದ. ಆ ವರ್ಷದ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ವಿಲಿಯಂ ಬೈಲಿಯ ತುಕಡಿ ನಾಶವಾಯಿತು.

ಐದೇ ವರ್ಷಗಳಲ್ಲಿ ಒಂದು ಪಡೆ ತಾನು ಯಾರಿಂದ ಓಡಿಹೋಗಿತ್ತೋ ಅವನ ಧ್ವಜದಡಿ ಗೆದ್ದಿತು. ಪ್ರಭುಗಳ ದೃಷ್ಟಿಯಿಂದ ಇದು ರಾಜಕಾರಣ; ಅಧಿಕಾರಿಯ ದೃಷ್ಟಿಯಿಂದ ಇದು ಉದ್ಯೋಗದ ಬದಲಾವಣೆ. ಪಡೆಯ ಸಾಲಿನಲ್ಲಿ ನಿಂತವನ ದೃಷ್ಟಿಯಿಂದ ಇದು ಏನು? ಆ ಪ್ರಶ್ನೆ ಉಳಿದ ಕಥನಗಳ ಒಳಗೆ ಹುಟ್ಟುವುದೇ ಇಲ್ಲ, ಏಕೆಂದರೆ ಪಡೆ ಅಲ್ಲಿ ಲಾಲಿಯ ದೇಹದ ವಿಸ್ತರಣೆ ಮಾತ್ರ.

ಅಧಿಕಾರಿಯ ಹೆಸರಿನ ಕಥನ

ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810 ಮತ್ತು 1817ರ ನಡುವೆ ಪ್ರಕಟಿಸಿದ ಮೂರು ಸಂಪುಟಗಳ ದಕ್ಷಿಣ ಭಾರತದ ಐತಿಹಾಸಿಕ ರೇಖಾಚಿತ್ರಗಳು ಈ ಘಟನೆಗಳಿಗೆ ಮುಖ್ಯ ಆಕರ. ವಿಲ್ಕ್ಸ್ ಸ್ವತಃ ಮದರಾಸು ಸೇನೆಯ ಅಧಿಕಾರಿ. ಶತ್ರುಪಕ್ಷದ ಅಧಿಕಾರಿಯ ಕೌಶಲವನ್ನು ಗುರುತಿಸಬಲ್ಲ ಸೌಜನ್ಯ ಅವನಲ್ಲಿದೆ. ಪೊಳ್ಳಿಲೂರಿನಲ್ಲಿ ಶರಣಾದವರ ಜೀವ ಉಳಿಸಲು ಫ್ರೆಂಚ್ ಅಧಿಕಾರಿಗಳು ಅಡ್ಡಬಂದದ್ದನ್ನು ಅವನು ಮರೆಯುವುದಿಲ್ಲ. ಆದರೆ ಈ ಸೌಜನ್ಯ ಅಧಿಕಾರಿಯಿಂದ ಅಧಿಕಾರಿಗೆ ಸಲ್ಲುವಂಥದು. ಅಲ್ಲಿ ಪಡೆ ಎಂದರೆ ಸಂಖ್ಯೆ. ಪಡೆಯ ಸಂಕಲ್ಪ ಎಂದರೆ ಲಾಲಿಯ ಸಂಕಲ್ಪ. ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪರ್ಶಿಯನ್ ಕೃತಿ ನಿಶಾನೆ ಹೈದರಿ ಎದುರು ಪಾಳೆಯದ ಬರವಣಿಗೆ. ಅದರ ಅಲಂಕಾರಗಳೂ ನಿಷ್ಠೆಯೂ ಬೇರೆ. ಆದರೂ ಯಾರಿಗೆ ಹೆಸರು ಸಲ್ಲಬೇಕು ಎಂಬುದರಲ್ಲಿ ಎರಡೂ ಕೃತಿಗಳು ಒಂದೇ ವ್ಯಾಕರಣವನ್ನು ಪಾಲಿಸುತ್ತವೆ. ಕಂಪನಿಯ ಗದ್ಯ ಮತ್ತು ಆಸ್ಥಾನದ ಗದ್ಯ ಎಂಬ ವಿರೋಧವನ್ನೇ ನೆಚ್ಚಿಕೊಂಡ ಓದು ಈ ಒಮ್ಮತವನ್ನು ಕಾಣದೆ ಹೋಗುತ್ತದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲಿರುವ ಪೊಳ್ಳಿಲೂರು ಕದನದ ಚಿತ್ರ ಇದೇ ವ್ಯಾಕರಣವನ್ನು ಬಣ್ಣದಲ್ಲಿ ತೋರಿಸುತ್ತದೆ. ಹೈದರ್, ಟಿಪ್ಪು, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ದುರ್ಬೀನು ಹಿಡಿದ ಲಾಲಿ ಇವರಿಗೆಲ್ಲ ಗುರುತು ಹಿಡಿಯಬಹುದಾದ ಮುಖಗಳಿವೆ. ಕಾಲಾಳುಗಳು ಸಾಲುಸಾಲಾಗಿ, ಒಂದೇ ಅಚ್ಚಿನಿಂದ ಎತ್ತಿದಂತೆ ನಿಂತಿದ್ದಾರೆ. ತರಬೇತಾದ ಕಾಲಾಳು ಪಡೆಯ ಆದರ್ಶವೇ ಈ ಏಕರೂಪತೆ ಎನ್ನುವುದು ನಿಜ. ಆ ಮಟ್ಟಿಗೆ ಚಿತ್ರ ತನ್ನ ವಸ್ತುವಿಗೆ ನಿಷ್ಠವಾಗಿದೆ. ಈ ಚಿತ್ರ 1799ರ ನಂತರ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿಯೂ 1855ರಲ್ಲಿ ಡಾಲ್‌ಹೌಸಿಯ ಆದೇಶದಂತೆಯೂ ದುರಸ್ತಿಯಾಯಿತು. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಕಾಪಾಡಿಕೊಂಡದ್ದರ ಬಗ್ಗೆ ಬಹಳ ಬರೆಯಲಾಗಿದೆ. ಮತ್ತೆ ಮತ್ತೆ ಬಣ್ಣ ಹಚ್ಚಿದ ಕೈಗಳಿಗೂ ಆ ಸಾಲುಗಳಲ್ಲಿ ಒಂದು ಮುಖವನ್ನು ಬೇರೆ ಮಾಡಬೇಕೆಂದು ಅನ್ನಿಸಲಿಲ್ಲ ಎಂಬುದು ಅಷ್ಟೇ ಗಮನಾರ್ಹ.

ಸ್ಥಳೀಯ ನೆನಪು ಈ ಕ್ರಮಕ್ಕೆ ಹೊರತೆಂದು ಭಾವಿಸುವ ಹಾಗಿಲ್ಲ. ಬಳ್ಳಾರಿಯ ಕೋಟೆಯನ್ನು ಹೈದರನಿಗಾಗಿ ಕಟ್ಟಿದ ಫ್ರೆಂಚ್ ಎಂಜಿನಿಯರ್, ಎದುರಿನ ಕುಂಬಾರ ಗುಡ್ಡ ಹೆಚ್ಚು ಎತ್ತರವೆಂಬುದನ್ನು ಗಮನಿಸದ ತಪ್ಪಿಗೆ ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿದ ಎಂಬ ಐತಿಹ್ಯ ಊರಿನಲ್ಲಿ ಪ್ರಸಿದ್ಧ. 1904ರ ಡಬ್ಲ್ಯು. ಫ್ರಾನ್ಸಿಸನ ಬಳ್ಳಾರಿ ಗೆಜೆಟಿಯರ್ ಅದನ್ನು ದಾಖಲಿಸಿದೆ. ಪೂರ್ವದ ಬಾಗಿಲ ಬಳಿಯ ಗೋರಿಯೊಂದನ್ನು ಅವನದೆಂದು ತೋರಿಸುವ ವಾಡಿಕೆಯೂ ಇದೆ. ಮಂತ್ರಾಲಯದ ಐತಿಹ್ಯ ಥಾಮಸ್ ಮನ್ರೋನನ್ನು ನೆನಪಿಟ್ಟಿದೆ: ಮಠದ ಜಮೀನಿನ ವಿಚಾರಣೆಗೆ ಬಂದ ಕಲೆಕ್ಟರನಿಗೆ ರಾಘವೇಂದ್ರ ಸ್ವಾಮಿಗಳು ದರ್ಶನ ಕೊಟ್ಟು ಮಾತನಾಡಿದರೆಂದು. ಕೋಟೆ ಕಟ್ಟಿದ ವಡ್ಡರ, ಕಲೆಕ್ಟರನ ಹಿಂದೆ ಬಂದ ಸಿಪಾಯಿಗಳ ಸುದ್ದಿ ಎರಡರಲ್ಲೂ ಇಲ್ಲ. ಜನಪದ ನೆನಪು ಸಹಜವಾಗಿಯೇ ಸಾಮಾನ್ಯನ ಪಕ್ಷದ್ದು ಎಂಬ ನಂಬಿಕೆಯನ್ನು ಈ ಎರಡು ಐತಿಹ್ಯಗಳು ಪರೀಕ್ಷೆಗೆ ಒಡ್ಡುತ್ತವೆ.

ಪಡೆಯ ಬೆಲೆಯಾಗಿ ಒಂದು ಸೀಮೆ

ಆದವಾನಿಗೂ ಕಾಲಾಳು ಪಡೆಗೂ ಇರುವ ಗಾಢವಾದ ಸಂಬಂಧ ಯುದ್ಧಭೂಮಿಯಲ್ಲಿಲ್ಲ, ಒಪ್ಪಂದದ ಪತ್ರದಲ್ಲಿದೆ. 1782ರಲ್ಲಿ ಬಸಾಲತ್ ಜಂಗ್ ತೀರಿಕೊಂಡ. 1786ರಲ್ಲಿ ಟಿಪ್ಪು ಅವನ ಮಗನ ಕೈಯಲ್ಲಿದ್ದ ಆದವಾನಿಯನ್ನು ಮುತ್ತಿ, ಹಿಡಿದು, ಕೋಟೆಯನ್ನು ಕೆಡವಿದ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಅಕ್ಟೋಬರಿನಲ್ಲಿ, ನಿಜಾಮನಿಗೂ ಕಂಪನಿಗೂ ಹೊಸ ಒಪ್ಪಂದವಾಯಿತು. ಹೈದರಾಬಾದಿನಲ್ಲಿ ಕಂಪನಿ ಇಟ್ಟಿದ್ದ ಸಹಾಯಕ ಸೇನೆಗೆ ಇನ್ನೂ ಎರಡು ಕಾಲಾಳು ಬೆಟಾಲಿಯನ್‌ಗಳೂ ಒಂದು ಕುದುರೆ ರೆಜಿಮೆಂಟೂ ಸೇರಿದವು. ಆ ಸೇನೆಯ ವೆಚ್ಚಕ್ಕೆ ವರ್ಷವರ್ಷ ಹಣ ಕೊಡುವ ಬದಲು, 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ಬಂದಿದ್ದ ಸೀಮೆಗಳನ್ನೂ ತುಂಗಭದ್ರೆಯ ದಕ್ಷಿಣಕ್ಕಿದ್ದ ಆದವಾನಿಯನ್ನೂ ನಿಜಾಮ ಕಂಪನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಹೀಗೆ.

ಅಂದರೆ ಈ ನೆಲ ಒಂದು ಸೇನೆಯ ಸಂಬಳವಾಗಿ ವರ್ಗವಾಯಿತು. ಆದವಾನಿಯ ಎರೆಹೊಲದಲ್ಲಿ ಬೆಳೆದ ಜೋಳ, ಹತ್ತಿಗಳ ಮೇಲಿನ ಕಂದಾಯ ಹೈದರಾಬಾದಿನ ದಂಡಿನಲ್ಲಿದ್ದ ಸಿಪಾಯಿಯ ತಿಂಗಳ ಪಗಾರಕ್ಕೆ ಲೆಕ್ಕಗೊಂಡಿತು. ಸಹಾಯಕ ಸೇನೆಯ ಬೆಟಾಲಿಯನ್‌ಗಳ ಚರಿತ್ರೆಯಲ್ಲಿ ಪೆದ್ದಕಡುಬೂರಿನಂಥ ಊರನ್ನು ಹುಡುಕಬೇಕಾದದ್ದು ಕದನಗಳ ಅಧ್ಯಾಯದಲ್ಲಲ್ಲ. ಆ ಊರು ಇದ್ದರೆ ವೆಚ್ಚದ ಲೆಕ್ಕದ ಹಿಂದೆ, ಮರೆಯಲ್ಲಿ ಇದೆ. ಆ ಲೆಕ್ಕವನ್ನು ಹೊಂದಿಸಲು ಬಂದವನು ಮನ್ರೋ. 1780ರ ಆರಂಭದಲ್ಲಿ ಮದರಾಸಿಗೆ ಕಾಲಾಳು ಪಡೆಯ ಕೆಡೆಟ್ ಆಗಿ ಬಂದಿಳಿದ ಅವನು, ಬೈಲಿಯನ್ನು ಉಳಿಸಲಾಗದ ಹೆಕ್ಟರ್ ಮನ್ರೋನ ಸೈನ್ಯದಲ್ಲಿದ್ದ. 1800ರಿಂದ 1807ರವರೆಗೆ ದತ್ತ ಮಂಡಲದ ಪ್ರಧಾನ ಕಲೆಕ್ಟರ್ ಆಗಿ ಹೊಲ ಹೊಲವನ್ನೂ ಅಳೆಸಿದ. 1827ರ ಜುಲೈ 6ರಂದು ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ರೈತವಾರಿ ಪದ್ಧತಿಯ ಚರಿತ್ರೆ ಮತ್ತು ಕಾಲಾಳು ಪಡೆಯ ಚರಿತ್ರೆ ಬೇರೆ ಬೇರೆ ಕಪಾಟುಗಳಲ್ಲಿ ಇವೆ. ಆದವಾನಿಯಿಂದ ನೋಡಿದರೆ ಅವು ಒಂದೇ ಪುಸ್ತಕದ ಎರಡು ಅಧ್ಯಾಯಗಳು.

ಈ ದೃಷ್ಟಿಯಿಂದ ಲೆಫ್ಟಿನೆಂಟ್ ಕರ್ನಲ್ ಡಬ್ಲ್ಯು. ಜೆ. ವಿಲ್ಸನ್ 1880ರ ದಶಕದಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರತಂದ ಮದರಾಸು ಸೇನೆಯ ಚರಿತ್ರೆಗೆ ಮರು ಓದು ಅಗತ್ಯ. ಅದನ್ನು ಒಣ ಗ್ರಂಥವೆಂದು ಬದಿಗಿಡುವುದು ಸುಲಭ. ವಿಲ್ಕ್ಸನ ಕಥನಕೌಶಲ ವಿಲ್ಸನನಿಗಿಲ್ಲ. ಆದರೆ ಅವನ ಒಣತನದಲ್ಲಿಯೇ ಕಾಲಾಳು ಒಂದಿಷ್ಟು ಕಾಣಿಸಿಕೊಳ್ಳುತ್ತಾನೆ. ಸಂಬಳ, ಭತ್ಯೆ, ಉಡುಪು, ಬಾಕಿ, ದಂಗೆ, ಬೆಟಾಲಿಯನ್‌ಗಳ ಮರುಸಂಖ್ಯೆ: ಇವು ಅವನ ಪುಟಗಳನ್ನು ತುಂಬಿವೆ. ಬಾಕಿ ಸಂಬಳಕ್ಕಾಗಿ ಹಟ ಹಿಡಿದು ನಿಂತ ಪಡೆಯನ್ನು ವರ್ಣಿಸುವಾಗ ಲೇಖಕ ಶಿಸ್ತಿನ ಪಕ್ಷದಲ್ಲಿದ್ದರೂ, ಪಡೆಗೆ ಅಧಿಕಾರಿಯಿಂದ ಬೇರೆಯಾದ ಸಂಕಲ್ಪವೊಂದು ಇತ್ತೆಂದು ಒಪ್ಪಿಕೊಳ್ಳಲೇಬೇಕಾಗುತ್ತದೆ. 1806ರ ಜುಲೈ 10ರ ವೆಲ್ಲೂರಿನ ದಂಗೆಯ ಸಂದರ್ಭದಲ್ಲಿ ತಲೆಗೆ ಏನು ತೊಡಬೇಕು ಎಂಬ ಆಜ್ಞೆ ಚರಿತ್ರೆಯ ಕೇಂದ್ರಕ್ಕೆ ಬರುತ್ತದೆ. ಸುಂದರವಾಗಿ ಬರೆದ ಕಥನದಲ್ಲಿ ಮಾಯವಾಗುವವನು ಗುಮಾಸ್ತಗಿರಿಯ ಬರವಣಿಗೆಯಲ್ಲಿ ಉಳಿಯುತ್ತಾನೆ ಎಂಬುದು ಶೈಲಿಯನ್ನೇ ಮೌಲ್ಯವೆಂದು ನಂಬಿದ ವಿಮರ್ಶೆಗೆ ಸ್ವಲ್ಪ ಇರುಸುಮುರುಸಿನ ಸಂಗತಿ.

ಪದಗಳಲ್ಲಿ ಉಳಿದ ಪಡೆ

ಸಿಪಾಯಿ ಏನು ಮಾತನಾಡುತ್ತಿದ್ದ? ಪಡೆಯ ಚರಿತ್ರೆಗಳು ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಿಲ್ಲ. ಫ್ರೆಂಚ್ ಅಧಿಕಾರಿಗಳ ಪಡೆಯಲ್ಲಿ ಆಜ್ಞೆ ಯೂರೋಪಿನ ಭಾಷೆಯದು. ಟಿಪ್ಪುವಿನ ಕಾಲದ ಸೈನಿಕ ಕೈಪಿಡಿ ಫತಹುಲ್ ಮುಜಾಹಿದೀನ್ ಅದರ ಸ್ಥಾನದಲ್ಲಿ ಪರ್ಶಿಯನ್ ಪದಗಳನ್ನು ತಂದಿತು. ಭುಜದ ಮೇಲಿನ ಕೋವಿ ಇಳಿಸಬೇಕಾದವನ ಮನೆಮಾತು ಎರಡೂ ಅಲ್ಲ. ಆದರೆ ಪಡೆಗಳು ಹಾದುಹೋದ ಭಾಷೆಗಳಲ್ಲಿ ಅವುಗಳ ಗುರುತು ಉಳಿದಿದೆ, ಮತ್ತು ಆ ಗುರುತುಗಳು ದ್ವಿಭಾಷಿಕ ಓದುಗರಿಗೆ ವಿಶೇಷವಾಗಿ ಓದಲು ಸಿಗುತ್ತವೆ.

ತಿಲಂಗ ಎಂಬ ಪದವನ್ನು ನೋಡಬಹುದು. ಯೂಲ್ ಮತ್ತು ಬರ್ನೆಲ್ ಅವರ 1886ರ ಹಾಬ್ಸನ್ ಜಾಬ್ಸನ್ ದಾಖಲಿಸುವಂತೆ, ತೆಲುಗು ಸೀಮೆಯವನು ಎಂಬ ಅರ್ಥದ ಈ ಮಾತು ಯೂರೋಪಿಯನ್ ರೀತಿಯಲ್ಲಿ ತರಬೇತಾದ ಸಿಪಾಯಿ ಎಂಬ ಅರ್ಥಕ್ಕೆ ತಿರುಗಿತು. 1857ರ ದೆಹಲಿಯಲ್ಲಿ ಬಂಡೆದ್ದ ಅವಧದ ಸಿಪಾಯಿಗಳನ್ನು ಕೂಡ ಊರಿನವರು ತಿಲಂಗರೆಂದೇ ಕರೆದರು. ಅವರು ತೆಲುಗಿನ ಒಂದು ಅಕ್ಷರವನ್ನೂ ಕೇಳಿರಲಾರರು. ಒಂದು ಭಾಷೆಯ ಹೆಸರು ಒಂದು ಉಡುಪಿನ ಹೆಸರಾಯಿತು. ಹೀಗಿರುವಾಗ ಹದಿನೆಂಟನೆಯ ಶತಮಾನದ ದಾಖಲೆಯೊಂದರಲ್ಲಿ ತಿಲಂಗ ಎಂಬ ಪದವನ್ನು ಕಂಡು, ಆ ಸಿಪಾಯಿ ತೆಲುಗಿನವನೆಂದು ನಿರ್ಧರಿಸುವುದು ಅವಸರವಾಗುತ್ತದೆ. ಅವನು ತೆಲುಗಿನವನಲ್ಲವೆಂದು ಸಾಧಿಸಿ ಕನ್ನಡಿಗನೆಂದು ಘೋಷಿಸುವುದು ಅದಕ್ಕಿಂತ ದೊಡ್ಡ ಅವಸರ.

ಬೆಟಾಲಿಯನ್ ಎಂಬುದು ತೆಲುಗು, ತಮಿಳು, ಕನ್ನಡಗಳಲ್ಲಿ ಪಟಾಲಂ ಆಯಿತು. ಇಂದಿನ ಕನ್ನಡದಲ್ಲಿ ಆ ಪದಕ್ಕೆ ಸೇನೆಯ ಗೌರವ ಉಳಿದಿಲ್ಲ; ರಾಜಕಾರಣಿಯ ಹಿಂದೆ ತಿರುಗುವ ಗುಂಪನ್ನು, ತರಲೆ ಹುಡುಗರ ತಂಡವನ್ನು ಪಟಾಲಂ ಎನ್ನುತ್ತಾರೆ. ದಂಡು ಎಂಬ ಪದ ಊರಿನ ಕಡೆಯಿಂದ ಸೈನ್ಯವನ್ನು ನೋಡುತ್ತದೆ: ದಂಡು ಬರುತ್ತದೆ, ಇಳಿಯುತ್ತದೆ, ಏಳುತ್ತದೆ. ಅದು ಯಾರ ದಂಡು ಎಂಬುದು ಎರಡನೆಯ ಪ್ರಶ್ನೆ. ದಂಡಿಗೂ ಹೆದರದೆ ದಾಳಿಗೂ ಹೆದರದೆ ಇದ್ದವರು ದಾಸಯ್ಯನ ಜಾಗಟೆಗೆ ಹೆದರುತ್ತಾರೆಯೇ ಎಂಬ ಗಾದೆಯಲ್ಲಿ ದಂಡು ಮತ್ತು ದಾಳಿ ಒಂದೇ ಉಸಿರಿನಲ್ಲಿ ಬರುವುದು ಪ್ರಾಸಕ್ಕಾಗಿ ಮಾತ್ರವಲ್ಲ.

ಇವೆಲ್ಲಕ್ಕಿಂತ ಅರ್ಥಪೂರ್ಣವಾದ ಪದ ಬತ್ತ. ಕಂಪನಿ ಸೇನೆಗಳಲ್ಲಿ ದಂಡಯಾತ್ರೆಯ ಕಾಲಕ್ಕೆ ಸಂಬಳದ ಮೇಲೆ ಕೊಡುತ್ತಿದ್ದ ಹೆಚ್ಚುವರಿ ಹಣಕ್ಕೆ ಇಂಗ್ಲಿಷಿನಲ್ಲಿ ರೂಢಿಯಾದ ಹೆಸರು ಅದು. ಆ ಹಣ ತಡವಾದಾಗ, ಕಡಿತವಾದಾಗ ಅನೇಕ ಸೈನಿಕ ಅಸಮಾಧಾನಗಳು ಹುಟ್ಟಿದವು. ಹಾಬ್ಸನ್ ಜಾಬ್ಸನ್ ಈ ಪದವನ್ನು ಪೋರ್ಚುಗೀಸರ ಬಾಯಿಯ ಮೂಲಕ ಕನ್ನಡದ ಭತ್ತಕ್ಕೆ ಜೋಡಿಸುತ್ತದೆ. ನಿರುಕ್ತಿಯಲ್ಲಿ ಸಂಭವವೇ ಹೊರತು ಸಿದ್ಧಾಂತವಿಲ್ಲ. ಆದರೂ ಈ ಸಂಭವವನ್ನು ಒಪ್ಪಿದರೆ ಸೇನೆಯ ಕಾಗದಪತ್ರಗಳ ನಡುವೆ ಕನ್ನಡ ಇರುವ ಜಾಗ ತಿಳಿಯುತ್ತದೆ. ಅದು ಬಿರುದುಗಳ ಪಟ್ಟಿಯಲ್ಲಿ ಇಲ್ಲ, ಕದನದ ಘೋಷದಲ್ಲಿ ಇಲ್ಲ. ಸಿಪಾಯಿ ತನಗೆ ಬರಬೇಕಾದದ್ದನ್ನು ಕೇಳುವ ಕಡೆ ಇದೆ.

ಹೆಸರು ಉಳಿದು ಆಳು ಬದಲಾದ ಬಗೆ

ಪಡೆಯ ಚರಿತ್ರೆ ಪಡೆಯ ಹೆಸರಿಗೆ ನಿರಂತರತೆಯನ್ನು ಕೊಡುತ್ತದೆ ಎಂಬ ಮಾತಿಗೆ ಈ ಭಾಗದ ನೆರೆಯಲ್ಲಿಯೇ ನಿದರ್ಶನವಿದೆ. ರೆಸಿಡೆಂಟ್ ಹೆನ್ರಿ ರಸೆಲ್ 1813ರಲ್ಲಿ ಕಟ್ಟಿದ ಬ್ರಿಗೇಡಿನಿಂದ ಬೆಳೆದ ಹೈದರಾಬಾದ್ ಕಂಟಿಂಜೆಂಟಿಗೆ ತುಂಗಭದ್ರೆಯಾಚೆ ಲಿಂಗಸುಗೂರಿನಲ್ಲಿ ದಂಡಿನ ನೆಲೆಯಿತ್ತು. ಅದರ ಆರು ಕಾಲಾಳು ರೆಜಿಮೆಂಟುಗಳು 1903ರಲ್ಲಿ 94ರಿಂದ 99ರವರೆಗಿನ ಸಂಖ್ಯೆ ಪಡೆದವು; 1922ರ ಮರುವ್ಯವಸ್ಥೆಯಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟ್ ರೂಪುಗೊಂಡಿತು; 1945ರಲ್ಲಿ ಅದಕ್ಕೆ ಕುಮಾವೂಂ ರೆಜಿಮೆಂಟ್ ಎಂದು ಹೆಸರಾಯಿತು. ದಖ್ಖನಿನಲ್ಲಿ ಹುಟ್ಟಿದ ವಂಶಾವಳಿ ಹಿಮಾಲಯದ ತಪ್ಪಲಿನ ಹೆಸರಿನಲ್ಲಿ ಮುಂದುವರಿದಿದೆ. ಸೇನೆಯ ದೃಷ್ಟಿಯಲ್ಲಿ ಇದರಲ್ಲಿ ವಿರೋಧಾಭಾಸವೇನೂ ಇಲ್ಲ; ಪಡೆಯ ಬಿರುದುಗಳು ಪಡೆಯ ಆಸ್ತಿ. ಪ್ರದೇಶದ ದೃಷ್ಟಿಯಲ್ಲಿ ಮಾತ್ರ ಒಂದು ಕಾಲದ ತನ್ನ ಆಳುಗಳ ಚರಿತ್ರೆ ಬೇರೊಬ್ಬರ ಪಾಲಾಗಿರುತ್ತದೆ.

ಮದರಾಸು ಸೇನೆಯ ಗತಿಯೂ ಇಂಥದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಲಾರ್ಡ್ ರಾಬರ್ಟ್ಸನ ಕಾಲದಲ್ಲಿ, ಯುದ್ಧವೀರ ಜನಾಂಗಗಳೆಂಬ ಕಲ್ಪನೆ ಬಲವಾಗಿ ದಕ್ಷಿಣದವರ ಭರ್ತಿ ಕುಗ್ಗಿತು. 3ನೆಯ ಮದರಾಸು ರೆಜಿಮೆಂಟಿನ ಖಾಯಂ ಬೆಟಾಲಿಯನ್‌ಗಳು 1920ರ ದಶಕದಲ್ಲಿ ವಿಸರ್ಜನೆಯಾದವು. ಎರಡನೆಯ ಮಹಾಯುದ್ಧಕ್ಕೆ ಆಳು ಬೇಕಾದಾಗ ರೆಜಿಮೆಂಟ್ ಮರುಹುಟ್ಟು ಪಡೆಯಿತು. ಫಿಥಿಯನ್ ಆಡಮ್ಸ್ ಬರೆದ ರೆಜಿಮೆಂಟಿನ ಚರಿತ್ರೆಯ ಶೀರ್ಷಿಕೆ 1758ರಿಂದ 1958ರವರೆಗಿನ ಇನ್ನೂರು ವರ್ಷಗಳನ್ನು ಒಂದೇ ಎಳೆಯಲ್ಲಿ ಪೋಣಿಸುತ್ತದೆ. ವಿಸರ್ಜನೆಯ ವರ್ಷಗಳಲ್ಲಿ ಮನೆಗೆ ಮರಳಿದ ಕುಟುಂಬಗಳ ಪಾಲಿಗೆ ಆ ಎಳೆ ತುಂಡಾಗಿತ್ತು.

ಭರ್ತಿಯ ಕಾಗದಪತ್ರಗಳು ಸಿಪಾಯಿಗಳನ್ನು ತೆಲುಗರು, ತಮಿಳರು, ಮುಸಲ್ಮಾನರು ಎಂಬಂಥ ವರ್ಗಗಳಲ್ಲಿ ಹಾಕುತ್ತಿದ್ದವು. ಒಬ್ಬನಿಗೆ ಒಂದೇ ಅಂಕಣ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಗಾದ ಉರುಸಿನಲ್ಲಿ ದಖ್ಖನಿ ಉರ್ದು ಆಡುವ ಆದವಾನಿ ಸೀಮೆಯವನಿಗೆ ಆ ಪಟ್ಟಿಯಲ್ಲಿ ಜಾಗವಿದ್ದೇ ಇರುತ್ತದೆ, ಅವನ ಮೂರನೆಯ ಒಂದು ಭಾಗಕ್ಕೆ. ಜನಗಣತಿಯ ಮಾತೃಭಾಷೆಯ ಅಂಕಣ ಇಂದಿಗೂ ಇದೇ ಕೆಲಸ ಮಾಡುತ್ತಿದೆ. ಪೆದ್ದಕಡುಬೂರು ಎಂಬ ಹೆಸರನ್ನೇ ತೆಗೆದುಕೊಂಡರೂ ಅದರ ಮುಂದಿನ ತುದಿ ತೆಲುಗಿನದು, ಹಿಂದಿನ ಊರು ಎರಡೂ ಭಾಷೆಗಳದು. ಯಾವ ಅಂಕಣಕ್ಕೆ ಹಾಕಬೇಕೆಂಬ ತಕರಾರು ಊರಿನವರಿಗಿಲ್ಲ.

ಬೇರೆ ಪ್ರಕಾರಗಳ ನೆನಪು

ಕನ್ನಡಕ್ಕೆ ಕಾಲಾಳನ್ನು ನೆನಪಿಡುವ ತನ್ನದೇ ಪ್ರಕಾರಗಳಿದ್ದವು. ವೀರಗಲ್ಲು ಅವುಗಳಲ್ಲಿ ಹಳೆಯದು. ಶಾಸನವಿರುವ ವೀರಗಲ್ಲಿನಲ್ಲಿ ಸತ್ತವನ ಹೆಸರು, ಅವನ ಒಡೆಯ, ಸತ್ತ ಕಾರಣ ಇರುತ್ತವೆ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಬಿದ್ದವನೂ ರಾಜನ ಯುದ್ಧದಲ್ಲಿ ಬಿದ್ದವನೂ ಒಂದೇ ಆಕಾರದ ಕಲ್ಲಿಗೆ ಅರ್ಹರು. ಅಲ್ಲಿ ಕಥಾನಾಯಕ ಪಡೆಯಲ್ಲ, ಬಿದ್ದ ಒಬ್ಬ. ಆದರೆ ಈ ಹೋಲಿಕೆಯನ್ನು ಹಿಂದಿನ ಕಾಲದ ಹೊಗಳಿಕೆಗೆ ಬಳಸುವುದು ಸರಿಯಲ್ಲ. ಶಾಸನವಿಲ್ಲದ ವೀರಗಲ್ಲುಗಳು ಅಸಂಖ್ಯ, ಮತ್ತು ಕಲ್ಲು ನಿಲ್ಲಿಸುವ ಶಕ್ತಿ ಇಲ್ಲದವರ ಸಾವು ಅಲ್ಲಿಯೂ ಹೆಸರಿಲ್ಲದ್ದೇ.

ಎರಡನೆಯದು ಕೈಫಿಯತ್ತು. 1799ರ ನಂತರ ಮೈಸೂರನ್ನೂ ಅನಂತರ ದತ್ತ ಮಂಡಲವನ್ನೂ ಸರ್ವೆ ಮಾಡಿಸಿದ ಕಾಲಿನ್ ಮೆಕೆಂಜಿ, ತನ್ನ ಸಹಾಯಕರ ಮೂಲಕ ಊರೂರಿನ ವೃತ್ತಾಂತಗಳನ್ನು ಬರೆಸಿ ತರಿಸಿದ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳು 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂತು. ಕರಣಿಕರ ಗದ್ಯದಲ್ಲಿರುವ ಈ ಬರವಣಿಗೆಗಳು ಪಡೆಯ ಚರಿತ್ರೆಯನ್ನು ತಿರುವಿ ಹಾಕಿದಂತಿವೆ. ಪಡೆಯ ಚರಿತ್ರೆಯಲ್ಲಿ ಪಡೆ ನಿಂತಿರುತ್ತದೆ, ಊರುಗಳು ಹಾದುಹೋಗುತ್ತವೆ. ಕೈಫಿಯತ್ತಿನಲ್ಲಿ ಊರು ನಿಂತಿರುತ್ತದೆ. ಪಾಳೆಯಗಾರ, ನವಾಬ, ಹೈದರ್, ಕಂಪನಿ ಎಲ್ಲರೂ ಅದರ ಎದುರಿನಿಂದ ಹಾದುಹೋಗುತ್ತಾರೆ. ಆದರೆ ಇದೂ ಕಲೆಕ್ಟರನ ಕಾಲದಲ್ಲಿ, ಸರ್ವೆಯವನ ಪ್ರಶ್ನೆಗೆ ಉತ್ತರವಾಗಿ, ಇನಾಮು ಮತ್ತು ಹಕ್ಕುಗಳು ಉಳಿಯಬೇಕೆಂಬ ಆಸೆಯಲ್ಲಿ ಹುಟ್ಟಿದ ಪಠ್ಯ. ಊರಿನ ದನಿ ಎಂದರೆ ಬಹುಪಾಲು ಕರಣಿಕನ ದನಿ. ಕೈಫಿಯತ್ತನ್ನು ಸೇನೆಯ ಚರಿತ್ರೆಗೆ ಬದಲಿಯಾಗಿ ಅಲ್ಲ, ಅದರ ಪಕ್ಕದಲ್ಲಿಟ್ಟು ಓದಬೇಕಾದ ಕಾರಣ ಇದು. ಒಂದರ ಮೌನ ಇನ್ನೊಂದರ ಮಾತಿನಿಂದ ಗುರುತಿಗೆ ಬರುತ್ತದೆ.

ಓದಿನ ಹೊಣೆ

ಗಡಿಭಾಗದ ಕನ್ನಡ ಬರವಣಿಗೆಗೆ ಒಂದು ಒತ್ತಡ ಸದಾ ಇರುತ್ತದೆ. ಶಾಲೆ, ಫಲಕ, ಹುದ್ದೆಗಳ ಪ್ರಶ್ನೆಯಲ್ಲಿ ತಾನು ಇಲ್ಲಿಯವನೇ ಎಂದು ಸಾಬೀತುಪಡಿಸಬೇಕಾದ ಸಮುದಾಯ, ಚರಿತ್ರೆಯಲ್ಲಿಯೂ ಸಾಕ್ಷ್ಯ ಹುಡುಕುತ್ತದೆ. ಆದವಾನಿಯಲ್ಲಿದ್ದ ಪಡೆಯಲ್ಲಿ ಕನ್ನಡಿಗರಿದ್ದರು, ಪೊಳ್ಳಿಲೂರಿನ ಗೆಲುವಿನಲ್ಲಿ ಆದವಾನಿಯ ಪಾಲಿತ್ತು ಎಂದು ಹೇಳುವ ಆಸೆ ಸಹಜ. ಪಡೆಯ ಸಿಪಾಯಿಗಳು ಸುತ್ತಲಿನ ಸೀಮೆಯವರಾಗಿದ್ದಿರಬಹುದು ಎಂಬ ಊಹೆ ಅಸಂಭವವೂ ಅಲ್ಲ. ಆದರೆ ಹಾಗೆ ಹೇಳುವ ಕ್ಷಣದಲ್ಲಿ ವಿಮರ್ಶೆ ತಾನು ಪ್ರಶ್ನಿಸಿದ ಪ್ರಕಾರವನ್ನೇ ಬರೆಯತೊಡಗುತ್ತದೆ. ಲಾಲಿಯ ಹೆಸರಿನ ಜಾಗದಲ್ಲಿ ಭಾಷೆಯ ಹೆಸರು ಬರುತ್ತದೆ, ಕಾಲಾಳು ಮತ್ತೆ ಒಂದು ಬಿರುದಿಗೆ ಆಳಾಗುತ್ತಾನೆ. ಇದೇ ತರ್ಕದಿಂದ ತೆಲುಗು ಬರವಣಿಗೆಯೂ ಅವನನ್ನು ತನ್ನವನೆನ್ನಬಹುದು. ತಿಲಂಗ ಎಂಬ ಪದ ಅದಕ್ಕೆ ಸಿದ್ಧವಾಗಿಯೇ ಇದೆ.

ಅಲ್ಪಸಂಖ್ಯಾತ ಭಾಷೆಯ ಅಧ್ಯಯನಕ್ಕೆ ಇಲ್ಲಿ ಬೇರೆ ಕೆಲಸವಿದೆ. ಒಂದು ಅಂಕಣಕ್ಕೆ ಹೊಂದದವರು ಒಂದು ಅಂಕಣದ ದಾಖಲೆಗಳಲ್ಲಿ ಹೇಗೆ ಕಾಣೆಯಾಗುತ್ತಾರೆ ಎಂಬುದು ಅದಕ್ಕೆ ಅನುಭವದಿಂದ ಗೊತ್ತು. ಆ ತಿಳಿವಳಿಕೆಯನ್ನು ಸೈನ್ಯದ ಚರಿತ್ರೆಗೆ ಹಚ್ಚಿದಾಗ ಓದಬೇಕಾದ ಸ್ಥಳಗಳೇ ಬದಲಾಗುತ್ತವೆ: ಕದನದ ವರ್ಣನೆಗಿಂತ ಬಾಕಿ ಸಂಬಳದ ಅರ್ಜಿ, ವಂಶಾವಳಿಗಿಂತ ವಿಸರ್ಜನೆಯ ಆದೇಶ, ಬಿರುದಿಗಿಂತ ಭತ್ಯೆ, ದಂಡಯಾತ್ರೆಯ ನಕ್ಷೆಗಿಂತ ಆ ದಂಡಿಗೆ ಕಂದಾಯ ತೆತ್ತ ಹಳ್ಳಿಯ ಕೈಫಿಯತ್ತು. ಇಂಗ್ಲಿಷ್, ಪರ್ಶಿಯನ್, ಮರಾಠಿ, ತೆಲುಗು, ಕನ್ನಡಗಳಲ್ಲಿ ಹಂಚಿಹೋದ ಈ ಕಾಗದಗಳನ್ನು ಒಟ್ಟಿಗೆ ಓದಬಲ್ಲವರು ಒಂದೇ ಭಾಷೆಯ ರಾಜಧಾನಿಗಳಲ್ಲಿ ವಿರಳ. ಆದವಾನಿಯಂಥ ಕಡೆ ಎರಡು ಮೂರು ಭಾಷೆಗಳನ್ನು ದಿನನಿತ್ಯ ಬಳಸುವ ಓದುಗರು ಹುಟ್ಟಿನಿಂದಲೇ ಇದ್ದಾರೆ.

ಪೊಳ್ಳಿಲೂರಿನ ಚಿತ್ರದ ಸಾಲುಗಳಲ್ಲಿ ನಿಂತವನ ಹೆಸರು ಈ ಓದಿನಿಂದಲೂ ತಿಳಿಯದೆ ಹೋಗಬಹುದು. ಆದರೆ ಅವನ ಹೆಸರನ್ನು ಬರೆಯದೆ ಬಿಟ್ಟವರು ಯಾರು, ಅವನ ಸಂಬಳ ಯಾವ ಹೊಲದಿಂದ ಬಂತು, ಅದು ಬಾರದಿದ್ದಾಗ ಯಾವ ಪದದಿಂದ ಕೇಳಿದ ಎಂಬಷ್ಟನ್ನು ತಿಳಿಯಬಹುದು. ಆದವಾನಿಯ ಕೋಟೆಯ ಕಲ್ಲುಗಳ ನಡುವೆ ನಿಂತು ಆ ಪಡೆಯ ಚರಿತ್ರೆಯನ್ನು ಓದುವವನಿಗೆ ಅಷ್ಟರಿಂದಲೇ ಕೆಲಸ ಆರಂಭವಾಗುತ್ತದೆ.